ಕಾಯಿಲ್, ಇನ್‌ಸ್ಟಂಟ್, ಸ್ಟೋರೇಜ್ ಗೀಸರ್: ಮೂರರಲ್ಲೂ ನೀರು ಕಾಯಿಸಿ ನೋಡಿದ್ದು

ಬೆಂಗಳೂರಲ್ಲಿ ಬಾಡಿಗೆ ಮನೆ ಬದಲಾಯಿಸ್ತಾ ಬದಲಾಯಿಸ್ತಾ ಈ ಮೂರೂ ನಮ್ಮ ಬಚ್ಚಲಿಗೆ ಬಂದು ಹೋಗಿವೆ. ಯಾವುದು ಕರೆಂಟ್ ಕಮ್ಮಿ ತಿನ್ನುತ್ತೆ ಅಂತ ಎಲ್ಲರೂ ಕೇಳ್ತಾರೆ. ಒಂದೇ ಬಕೆಟ್ ನೀರಿಗೆ ಮೂರೂ ಹೆಚ್ಚು ಕಮ್ಮಿ ಒಂದೇ!

ಒಳಗಿರೋದು ಮೂರರಲ್ಲೂ ಅದೇ ನೈಕ್ರೋಮ್ ತಂತಿ ತಾನೆ, ನಿಕ್ಕಲ್ಲು ಕ್ರೋಮಿಯಮ್ಮು ಬೆರೆಸಿದ ಲೋಹ. ಕರೆಂಟ್ ಹರಿಯುವಾಗ ಎಲೆಕ್ಟ್ರಾನ್‌ಗಳು ತಂತಿಯ ಪರಮಾಣುಗಳಿಗೆ ಡಿಕ್ಕಿ ಹೊಡ್ಕೊಂಡು ಹೋಗ್ತವೆ, ಆ ತಿಕ್ಕಾಟಾನೇ ಬಿಸಿ, ಎಷ್ಟು ಕರೆಂಟಿಗೆ ಎಷ್ಟು ಬಿಸಿ ಅಂತ ಇಂಗ್ಲೆಂಡಿನ ವಿಜ್ಞಾನಿ ಜೂಲ್ 1840ರ ಹೊತ್ತಿಗೇ ಲೆಕ್ಕ ಹಾಕಿಟ್ಟಿದ್ದು. ಗೋಡೆಯಿಂದ ಬರೋ ತಾಮ್ರದ ವೈರಲ್ಲೂ ಅಷ್ಟೇ ಕರೆಂಟ್ ಹರಿಯುತ್ತೆ, ಆದ್ರೆ ನೈಕ್ರೋಮ್ ತಾಮ್ರಕ್ಕಿಂತ ಅರವತ್ತು ಪಟ್ಟಿಗೂ ಜಾಸ್ತಿ ತಡೆಯುತ್ತೆ, ಅದಕ್ಕೇ ಅದು ಕಾಯುತ್ತೆ, ವೈರ್ ಸುಮ್ನಿರುತ್ತೆ. 15 ಲೀಟರ್ ನೀರನ್ನ 25 ಡಿಗ್ರಿಯಿಂದ 55ಕ್ಕೆ ತರೋಕೆ ಅರ್ಧ ಯೂನಿಟ್‌ಗಿಂತ ಚೂರು ಜಾಸ್ತಿ ಬೇಕು, ಯಾವುದರಲ್ಲಿ ಕಾಯಿಸಿದ್ರೂ.

ಕಾಯಿಲ್ 1500 ವ್ಯಾಟಿಂದು. ಲೆಕ್ಕದ ಪ್ರಕಾರ 21 ನಿಮಿಷ, ನಂಗೆ 25 ಆಗ್ತಿತ್ತು, ಬಕೆಟ್ ಬಾಯಿ ತೆರೆದಿರುತ್ತಲ್ಲ, ಹಬೆ ಎಲ್ಲಾ ಹೋಗುತ್ತೆ. ಅಗ್ಗ, ಮನೆ ಬಿಡುವಾಗ ಬ್ಯಾಗಲ್ಲಿ ಹಾಕ್ಕೊಂಡು ಹೋಗಬಹುದು. ಆದ್ರೆ ಭಯ. ಪ್ಲಗ್ ಕಿತ್ತು ಆಮೇಲೇ ನೀರು ಮುಟ್ಟಬೇಕು, ನಿದ್ದೆಗಣ್ಣಲ್ಲಿ ಯಾರಿಗೆ ನೆನಪಿರುತ್ತೆ ಹೇಳಿ. ಒಂದ್ಸಲ ನೀರಿಲ್ಲದೆ ಸ್ವಿಚ್ ಹಾಕಿ ಒಂದು ಕಾಯಿಲ್ ಸುಟ್ಟೂ ಹಾಕಿದೀನಿ.

ಇನ್‌ಸ್ಟಂಟ್ 3 ಕಿಲೋವ್ಯಾಟ್. ಕಾಯೋ ಕೆಲಸ ಇಲ್ಲ, ನಲ್ಲಿ ತಿರುಗಿಸಿದ್ರೆ ಬಿಸಿನೀರು, ಆದ್ರೆ ಸಣ್ಣಗೆ ಬಿಟ್ಕೋಬೇಕು. ನಿಮಿಷಕ್ಕೆ 2 ಲೀಟರ್ ಬಿಟ್ರೆ 21 ಡಿಗ್ರಿ ಏರುತ್ತೆ, 4 ಲೀಟರ್ ಬಿಟ್ರೆ ಬರೀ ಹತ್ತು ಚಿಲ್ಲರೆ, ಡಿಸೆಂಬರಲ್ಲಿ ತಲೆಗೆ ಎರ್ಕೊಳ್ಳೋಕೆ ಕೂತ್ರೆ ಅಳು ಬರುತ್ತೆ.

ಅದಕ್ಕಿಂತ ದೊಡ್ಡ ತಲೆನೋವು ಸಾಕೆಟ್ಟಿಂದು. ಇದು 13 ಆಂಪಿಯರ್ ಎಳೆಯುತ್ತೆ, ಕಾಯಿಲ್ ಆರೂವರೆ. ಕರೆಂಟ್ ಎರಡು ಪಟ್ಟಾದ್ರೆ ಬಿಸಿ ನಾಲ್ಕು ಪಟ್ಟು, ಅದನ್ನ ನಾನು ಮೂಗಿಂದ ಕಲಿತೆ. ಆ ಮನೆಯ ಹಳೇ ಸಾಕೆಟ್ ಲೂಸಾಗಿತ್ತು, ಲೂಸ್ ಕಾಂಟ್ಯಾಕ್ಟಲ್ಲಿ ಅರ್ಧ ಓಮ್ ತಡೆ ಇದ್ರೂ ಕಾಯಿಲ್ ಹಾಕಿದಾಗ ಅಲ್ಲಿ 21 ವ್ಯಾಟ್ ಬಿಸಿ, ಇನ್‌ಸ್ಟಂಟ್ ಹಾಕಿದಾಗ 84, ಅಂದ್ರೆ ಹಳೇ ಗುಂಡು ಬಲ್ಬ್ ಒಂದು ಗೋಡೆ ಒಳಗೆ ಉರೀತಾ ಇದ್ದ ಹಾಗೆ. ಮೂರನೇ ವಾರಕ್ಕೆ ಪ್ಲಾಸ್ಟಿಕ್ ಸುಟ್ಟ ವಾಸನೆ, ಪ್ಲಗ್ ಪಿನ್ ಕಪ್ಪಾಗಿತ್ತು. ಕರೆಂಟ್ ಜಾಸ್ತಿಯಾದ್ರೆ ತಾನಾಗೇ ಆಫ್ ಆಗೋ ಸ್ವಿಚ್ ಇರುತ್ತಲ್ಲ, ಎಂಸಿಬಿ, ಅದು ಬೀಳಲೇ ಇಲ್ಲ. ಅದರೊಳಗಿರೋ ಎರಡು ಲೋಹದ ಪಟ್ಟಿ ಬಿಸಿಗೆ ಬಾಗಿದ್ರೆ ಸ್ವಿಚ್ ಬೀಳುತ್ತೆ, ನಿಜ, ಆದ್ರೆ ಅದು ಬಾಗೋದು ಕರೆಂಟ್ ಮಿತಿ ಮೀರಿದಾಗ, ಇಲ್ಲಿ ಕರೆಂಟ್ ಸರಿಯಾಗೇ ಇತ್ತು, ಕೆಟ್ಟಿದ್ದು ಜಾಯಿಂಟು. 16 ಆಂಪಿಯರ್ ಹೊಸ ಸಾಕೆಟ್ ಹಾಕಿಸಿದ ಮೇಲೇ ನೆಮ್ಮದಿ.

ಈಗ ಇರೋದು 15 ಲೀಟರಿನ ಸ್ಟೋರೇಜು, 2 ಕಿಲೋವ್ಯಾಟ್, ಹದಿನೆಂಟು ನಿಮಿಷಕ್ಕೆ ರೆಡಿ. ನಾಲ್ಕು ಜನ ಸಾಲಾಗಿ ಸ್ನಾನ ಮಾಡೋ ಮನೆಗೆ ಇದೇ ಸರಿ. ಆದ್ರೆ ಸ್ವಿಚ್ ಆಫ್ ಮಾಡೋದು ಮರೆತ್ರೆ ಟ್ಯಾಂಕ್ ತಣ್ಣಗಾಗ್ತಾ, ಥರ್ಮೋಸ್ಟಾಟ್ ಮತ್ತೆ ಕಾಯಿಸ್ತಾ ದಿನವಿಡೀ ನಡೆಯುತ್ತೆ, ಗೀಸರ್ ದುಡ್ಡು ತಿನ್ನುತ್ತೆ ಅನ್ನೋ ದೂರು ಬರೋದು ಇದರಿಂದಾನೇ. ನಮ್ದು ಬೋರ್ ನೀರು ಬೇರೆ, ಎಲಿಮೆಂಟ್ ಮೇಲೆ ಸುಣ್ಣದ ಹಾಗೆ ಕಟ್ಕೊಂಡು ನೀರಿಗೆ ಬಿಸಿ ಸರಿಯಾಗಿ ದಾಟಲ್ಲ, ವರ್ಷಕ್ಕೊಮ್ಮೆ ಬಿಚ್ಚಿಸ್ತೀನಿ.

ಕಾಯಿಲ್ ಮಾತ್ರ ಊರಿಗೆ ತಗೊಂಡೋಗಿ ಕೊಟ್ಟೆ, ಅಲ್ಲಿ ಸಂಜೆ ವೋಲ್ಟೇಜ್ 190ಕ್ಕೆ ಇಳಿಯುತ್ತೆ, 1500 ವ್ಯಾಟ್ ಕಾಯಿಲ್ ಸಾವಿರ ಚಿಲ್ಲರೆ ವ್ಯಾಟ್ ಆಗ್ಬಿಡುತ್ತೆ. ಅಮ್ಮ ಎರಡು ದಿನ ನೋಡಿ ಅದನ್ನ ಅಟ್ಟಕ್ಕೆ ಹಾಕಿ ಮತ್ತೆ ಹಂಡೆ ಒಲೆಗೆ ತೆಂಗಿನ ಸಿಪ್ಪೆ ತುರುಕಿದ್ರು.