ಹವಳದ ಟ್ಯಾಂಕಿಗೆ ಆಲ್ಕಲಿನಿಟಿ: ಎರಡು ಬಾಟಲಿಯೋ, ಸುಣ್ಣದ ತಿಳಿಯೋ, ಕ್ಯಾಲ್ಸಿಯಂ ರಿಯಾಕ್ಟರೋ?

ಗಟ್ಟಿ ಹವಳ ಮೈ ಕಟ್ಟಲು ನೀರಿನಿಂದ ಕ್ಯಾಲ್ಸಿಯಂ ಮತ್ತು ಆಲ್ಕಲಿನಿಟಿ (ಸರಳವಾಗಿ, ಕರಗಿದ ಕಾರ್ಬೊನೇಟ್‌ಗಳ ಪ್ರಮಾಣ) ಎಳೆದುಕೊಳ್ಳುತ್ತದೆ; ಅದನ್ನು ವಾಪಸು ತುಂಬಲು ಇರುವ ಮೂರು ದಾರಿಗಳನ್ನೂ ಬಳಸಿ ನೋಡಿದ ಮೇಲೆ ಹೇಳುವ ಮಾತು ಇದು. 200 ಲೀಟರ್ ಆಸುಪಾಸಿನ ಟ್ಯಾಂಕಿಗೆ ಎರಡು ಬಾಟಲಿ, ಒಂದು ಡೋಸಿಂಗ್ ಪಂಪ್ (ಹೊತ್ತಿಗೆ ಸರಿಯಾಗಿ ಅಳತೆಯ ದ್ರಾವಣ ಹಾಕುವ ಪಂಪ್) ಸಾಕು. ಸುಣ್ಣದ ತಿಳಿ ಒಳ್ಳೆಯ ಜೊತೆಗಾರ, ಆದರೆ ಪೂರ್ತಿ ಜವಾಬ್ದಾರಿ ಅದರ ಮೇಲೆ ಹೊರಿಸುವಂತಿಲ್ಲ. ಕ್ಯಾಲ್ಸಿಯಂ ರಿಯಾಕ್ಟರ್ ನೋಡಲು ಚೆಂದದ ಯಂತ್ರ. ಈ ಅಳತೆಯ ಟ್ಯಾಂಕಿಗೆ ಅದನ್ನು ಕೊಂಡರೆ ದುಡ್ಡೂ ದಂಡ, ಭಾನುವಾರಗಳೂ ದಂಡ.

ಮೊದಲು ಟ್ಯಾಂಕಿನ ಹಸಿವು ಎಷ್ಟು ಅಂತ ಅಳೆಯಿರಿ. ಡೋಸಿಂಗ್ ಎಲ್ಲ ನಿಲ್ಲಿಸಿ, ಎರಡು ದಿನ ಬಿಟ್ಟು, ಅದೇ ಹೊತ್ತಿಗೆ ಮತ್ತೆ ಆಲ್ಕಲಿನಿಟಿ ಪರೀಕ್ಷೆ ಮಾಡಿ. 8.4 ಡಿಕೆಎಚ್ (ಆಲ್ಕಲಿನಿಟಿಯ ಅಳತೆ) ಇದ್ದದ್ದು 7.2ಕ್ಕೆ ಇಳಿದರೆ ದಿನದ ಬಳಕೆ 0.6. ಗಟ್ಟಿ ಹವಳ ಮೈ ಕಟ್ಟುವಾಗ ಒಂದು ಡಿಕೆಎಚ್ ಜೊತೆಗೆ ಸುಮಾರು 7 ಪಿಪಿಎಂ (ಲೀಟರಿಗೆ ಮಿಲಿಗ್ರಾಂ ಅಂದುಕೊಳ್ಳಿ) ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ 420 ಪಿಪಿಎಂ ಇರುವಾಗ ಏಳು ಹೋದರೆ ಗೊತ್ತೇ ಆಗುವುದಿಲ್ಲ. ಎಂಟು ಡಿಕೆಎಚ್‌ನಲ್ಲಿ ಒಂದು ಹೋದರೆ ಅಕ್ರೊಪೊರಾ ಎಂಬ ನಾಜೂಕು ಗಟ್ಟಿ ಹವಳ ಎರಡೇ ದಿನದಲ್ಲಿ ಮುಖ ಸಿಂಡರಿಸುತ್ತದೆ. ಹಾಗಾಗಿ ಆಲ್ಕಲಿನಿಟಿಯನ್ನು ವಾರಕ್ಕೆ ಎರಡು ಸಲ ನೋಡಿ, ಕ್ಯಾಲ್ಸಿಯಂ ಹದಿನೈದು ದಿನಕ್ಕೊಮ್ಮೆ ನೋಡಿದರೂ ನಡೆಯುತ್ತದೆ.

ನೀರು ಬದಲಿಸಿದರೆ ಸಾಕಲ್ಲ ಅನ್ನುವವರು ಒಂದು ಲೆಕ್ಕ ಹಾಕಿ. ಉಪ್ಪಿನ ಮಿಶ್ರಣ 11 ಡಿಕೆಎಚ್, ಟ್ಯಾಂಕ್ 8, ವಾರಕ್ಕೆ ಶೇಕಡ 15 ಬದಲಾವಣೆ ಅಂದರೆ ಸಿಗುವುದು 0.45 ಡಿಕೆಎಚ್, ಅದೂ ಇಡೀ ವಾರಕ್ಕೆ. ಮೆದು ಹವಳ ಮಾತ್ರ ಇರುವ ಟ್ಯಾಂಕಿಗೆ ಅದು ಸರಿ. ನಾಲ್ಕು ಗಟ್ಟಿ ಹವಳ ಬೆಳೆಯಲು ಶುರುವಾದ ಮೇಲೆ ಅದು ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಎರಡು ಬಾಟಲಿ

ಒಂದರಲ್ಲಿ ಸೋಡಾ ಆಶ್, ಅಂದರೆ ಸೋಡಿಯಂ ಕಾರ್ಬೊನೇಟ್. ಇನ್ನೊಂದರಲ್ಲಿ ಕ್ಯಾಲ್ಸಿಯಂ ಕ್ಲೋರೈಡ್. ಟಿಡಿಎಸ್ (ಕರಗಿದ ಲವಣಗಳ ಅಳತೆ) ಸೊನ್ನೆ ಇರುವ, ಶೋಧಿಸಿದ ಆರ್‌ಒ-ಡಿಐ ನೀರಿನಲ್ಲಿ, ಒಟ್ಟು ಒಂದು ಲೀಟರ್ ಆಗುವಂತೆ, 99 ಗ್ರಾಂ ಸೋಡಾ ಆಶ್ ಒಂದು ಬಾಟಲಿಗೆ. 132 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ ಇನ್ನೊಂದಕ್ಕೆ. ಈ ಅಳತೆಯಲ್ಲಿ ಎರಡನ್ನೂ ಸಮಸಮ ಹಾಕಿದರೆ ಹವಳ ಎಳೆದುಕೊಂಡ ಅನುಪಾತದಲ್ಲೇ ವಾಪಸು ಸಿಗುತ್ತದೆ. 100 ಲೀಟರ್ ನೀರನ್ನು 1 ಡಿಕೆಎಚ್ ಏರಿಸಲು ಸೋಡಾ ಆಶ್ ದ್ರಾವಣ ಸುಮಾರು 19 ಮಿ.ಲೀ. ಬೇಕು. 200 ಲೀಟರ್ ಟ್ಯಾಂಕಿನಲ್ಲಿ ಕಲ್ಲು, ಮರಳು ಕಳೆದು 170 ಲೀಟರ್ ನೀರು ಉಳಿಯುತ್ತದೆ ಅಂದುಕೊಳ್ಳಿ. ದಿನದ ಬಳಕೆ 0.6 ಆದರೆ ಎರಡರಿಂದಲೂ ತಲಾ 19-20 ಮಿ.ಲೀ.

ಕ್ಯಾಲ್ಸಿಯಂ ಕ್ಲೋರೈಡ್ ಕರಗುವಾಗ ನೀರು ಬಿಸಿಯಾಗುತ್ತದೆ, ಆದ್ದರಿಂದ ಪುಡಿಯನ್ನು ನೀರಿಗೆ ಸ್ವಲ್ಪಸ್ವಲ್ಪವೇ ಸುರಿಯಿರಿ, ಆರಿದ ಮೇಲೆ ಅಳತೆಗೆ ತನ್ನಿ. ಈ ಪುಡಿ ಗಾಳಿಯ ತೇವ ಕುಡಿದು ಉಂಡೆ ಕಟ್ಟುತ್ತದೆ. ಉಂಡೆ ಕಟ್ಟಿದ್ದನ್ನು ತೂಗಿದರೆ ತೂಕದಲ್ಲಿ ಬರುವುದು ನೀರು. ಬಿಗಿ ಮುಚ್ಚಳದ ಡಬ್ಬಿಯಲ್ಲೇ ಇಡಿ.

ಸೋಡಾ ಆಶ್ ಸಿಗದಿದ್ದರೆ ಅಡುಗೆ ಸೋಡಾದಿಂದ ಮಾಡಿಕೊಳ್ಳಬಹುದು. 157 ಗ್ರಾಂ ಅಡುಗೆ ಸೋಡಾವನ್ನು ತಟ್ಟೆಯಲ್ಲಿ ತೆಳುವಾಗಿ ಹರಡಿ, ಓವನ್ನಿನಲ್ಲಿ 150 ಡಿಗ್ರಿ ಸೆಲ್ಸಿಯಸ್‌ಗೆ ಒಂದು ಗಂಟೆ ಕಾಯಿಸಿ. ಆಯಿತೋ ಇಲ್ಲವೋ ತಿಳಿಯಲು ತಕ್ಕಡಿಯೇ ಸಾಕ್ಷಿ: 157 ಗ್ರಾಂ ಇಳಿದು 99ಕ್ಕೆ ಬಂದಿರಬೇಕು. 110ರಲ್ಲೇ ನಿಂತಿದ್ದರೆ ಇನ್ನೂ ಕಾಯಿಸಿ. ಕಾಯಿಸದೆ ಹಾಗೇ ಹಾಕಿದರೆ ಅಷ್ಟು ಸೋಡಾ ಒಂದು ಲೀಟರಿನಲ್ಲಿ ಕರಗುವುದೂ ಇಲ್ಲ, ಟ್ಯಾಂಕಿನ ಪಿಎಚ್ ಏರುವ ಬದಲು ತುಸು ಇಳಿಯುತ್ತದೆ. ಬೇಕಿಂಗ್ ಪೌಡರ್ ಬೇರೆ ವಸ್ತು, ಅದರ ಗೊಡವೆಗೆ ಹೋಗಬೇಡಿ.

ಎರಡು ದ್ರಾವಣ ಒಂದೇ ಜಾಗದಲ್ಲಿ ಒಂದೇ ಹೊತ್ತಿಗೆ ಬೀಳಬಾರದು. ಬಿದ್ದರೆ ಬಿಳಿ ಮಂಜಿನಂತೆ ಕ್ಯಾಲ್ಸಿಯಂ ಕಾರ್ಬೊನೇಟ್ ಗಟ್ಟಿಯಾಗಿ ಹೊರಬಿದ್ದು ಹೀಟರಿಗೂ ಪಂಪಿಗೂ ಅಂಟುತ್ತದೆ. ಸೋಡಾ ಆಶ್ ಅನ್ನು ದಿನಕ್ಕೆ 12 ಪಾಲು ಮಾಡಿ, ಹೆಚ್ಚಿನ ಪಾಲು ರಾತ್ರಿಗೆ ಇಡಿ, ಏಕೆಂದರೆ ಪಿಎಚ್ ಇಳಿಯುವುದು ಆಗಲೇ. ಕ್ಯಾಲ್ಸಿಯಂ ಅದಕ್ಕಿಂತ ಅರ್ಧ ಗಂಟೆ ಆಚೀಚೆ. ಟ್ಯೂಬಿನ ತುದಿ ನೀರಿಗೆ ಮುಳುಗಿರದೆ ಒಂದೆರಡು ಬೆರಳು ಮೇಲಿರಲಿ, ಕೆಳಗೆ ನೀರು ಜೋರಾಗಿ ಓಡುವ ಜಾಗವಿರಲಿ. ಮುಳುಗಿದ ತುದಿಗೆ ಬಿಳಿ ಗಡ್ಡ ಬೆಳೆಯುತ್ತದೆ, ಜೊತೆಗೆ ಬಾಟಲಿಯಲ್ಲಿ ಇದ್ದದ್ದೆಲ್ಲ ಸೈಫನ್ ಆಗಿ ಟ್ಯಾಂಕಿಗೆ ಇಳಿಯುವ ಭಯವೂ ಇದೆ.

ಇದರ ನಿಜವಾದ ದೋಷ ಒಂದೇ. ಹವಳ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್ ಎತ್ತಿಕೊಂಡ ಮೇಲೆ ಸೋಡಿಯಂ ಮತ್ತು ಕ್ಲೋರೈಡ್ ಉಳಿಯುತ್ತವೆ, ಅಂದರೆ ಬರೀ ಉಪ್ಪು. ದಿನಕ್ಕೆ 1 ಡಿಕೆಎಚ್ ಬಳಕೆಯಿದ್ದರೆ ತಿಂಗಳಿಗೆ ಲೀಟರಿಗೆ 0.6 ಗ್ರಾಂ ಹೆಚ್ಚುತ್ತದೆ. 35ರ ಲವಣಾಂಶ 35.6 ಆಯಿತು. ನಿಯಮಿತವಾಗಿ ನೀರು ಬದಲಿಸುವವರಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ, ಬದಲಿಸದವರಿಗೆ ಆರು ತಿಂಗಳಲ್ಲಿ ಬರುತ್ತದೆ.

ಸುಣ್ಣದ ತಿಳಿ

ಮೂರರಲ್ಲಿ ಅತಿ ಅಗ್ಗ ಇದೇ, ಪಿಎಚ್ ಏರಿಸುವುದರಲ್ಲಿ ಎಲ್ಲಕ್ಕಿಂತ ಮುಂದೆ ಕೂಡ. ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಲೀಟರಿಗೆ 1.5-1.7 ಗ್ರಾಂ ಮಾತ್ರ ಕರಗುತ್ತದೆ. 2 ಗ್ರಾಂ ಹಾಕಿ, ಕಲಕಿ, ಗಸಿ ಕೂರಲು ಬಿಟ್ಟು ಮೇಲಿನ ತಿಳಿ ಮಾತ್ರ ಬಳಸಿ. ಪಿಎಚ್ 12.4 ಇರುವ ನೀರು, ಕೈಗವಸು ಕನ್ನಡಕ ಬೇಕೇ ಬೇಕು. ಮುಚ್ಚಿಡದಿದ್ದರೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ತಾಗಿ ಮೇಲೆ ಕೆನೆ ಕಟ್ಟುತ್ತದೆ. ಕಟ್ಟಿದ ಕೆನೆಯಷ್ಟು ಶಕ್ತಿ ತಿಳಿಯಿಂದ ಹೋಯಿತು ಅಂತಲೇ ಲೆಕ್ಕ.

ಆವಿಯಾದ ನೀರಿನ ಬದಲಿಗೆ ಇದನ್ನು ಹಾಕುವುದು ವಾಡಿಕೆ. ದಿನಕ್ಕೆ ಟ್ಯಾಂಕಿನ ಶೇಕಡ 1 ಆವಿಯಾದರೆ 1.1 ಡಿಕೆಎಚ್, 8 ಪಿಪಿಎಂ ಕ್ಯಾಲ್ಸಿಯಂ ಸಿಗುತ್ತದೆ. ಕೇಳಲು ಸೊಗಸು. ಆದರೆ ಹವಳದ ಹಸಿವಿಗೂ ಆವಿಗೂ ಏನು ಸಂಬಂಧ? ಸೆಕೆಗೆ ಫ್ಯಾನ್ ಹಾಕಿದ ವಾರ ಆವಿ ಹೆಚ್ಚು, ಡೋಸೂ ಹೆಚ್ಚು. ಗಾಳಿ ತೇವವಾದ ವಾರ ಎರಡೂ ಕಡಿಮೆ. ಹವಳ ಮಾತ್ರ ತನ್ನ ಪಾಡಿಗೆ ತಾನು ತಿನ್ನುತ್ತಿರುತ್ತದೆ.

ನೀರಿನ ಮಟ್ಟ ಇಳಿದಾಗ ತಾನೇ ತುಂಬಿಸುವ ಫ್ಲೋಟ್ ಸ್ವಿಚ್ ಸಿಕ್ಕಿಕೊಂಡರೆ ಇನ್ನೊಂದು ಕಥೆ. 10 ಲೀಟರ್ ತಿಳಿ ಒಟ್ಟಿಗೆ 170 ಲೀಟರಿಗೆ ಹೋದರೆ ಲೆಕ್ಕಕ್ಕೆ 6.7 ಡಿಕೆಎಚ್. ಅಷ್ಟರಲ್ಲಿ ನೀರು ಹಾಲಿನಂತಾಗಿ ಮೀನು ಮೇಲೆ ಬಂದಿರುತ್ತದೆ. ಆಗ ಕೈಗೆಟುಕುವ ಮದ್ದು ರುಚಿ-ಬಣ್ಣ ಸೇರಿಸದ ಸಾದಾ ಸೋಡಾ ನೀರು. ಪಿಎಚ್ ನೋಡುತ್ತಾ, ಸಂಪಿನಲ್ಲಿ (ಟ್ಯಾಂಕಿನ ಕೆಳಗಿನ ಫಿಲ್ಟರ್ ತೊಟ್ಟಿಯಲ್ಲಿ) ಸ್ವಲ್ಪಸ್ವಲ್ಪ ಹಾಕಬೇಕು. ಟಾಪ್‌ಆಫ್ ಪಾತ್ರೆಯಲ್ಲಿ (ಆವಿಯಾದದ್ದನ್ನು ತುಂಬುವ ಪಾತ್ರೆ) ಬರೀ ನೀರಿಟ್ಟು, ತಿಳಿಯನ್ನು ಬೇರೆ ಡಬ್ಬಿಯಿಂದ ಡೋಸಿಂಗ್ ಪಂಪಿನಲ್ಲಿ ಗಡಿಯಾರಕ್ಕೆ ಕಟ್ಟಿ ಹಾಕಿದರೆ ಈ ಫಜೀತಿಯೇ ಇರುವುದಿಲ್ಲ. ಹೀರುವ ಕೊಳವೆ ತಳದಿಂದ 5 ಸೆಂ.ಮೀ. ಮೇಲಿರಲಿ.

ಕ್ಯಾಲ್ಸಿಯಂ ರಿಯಾಕ್ಟರ್

ತತ್ವ ಸರಳ. ಹವಳದ ಚೂರು (ಇದನ್ನೇ ಮೀಡಿಯಾ ಅನ್ನುವುದು) ತುಂಬಿದ ಕೋಣೆಗೆ ಟ್ಯಾಂಕಿನ ನೀರು ಬಿಟ್ಟು, ಕಾರ್ಬನ್ ಡೈಆಕ್ಸೈಡ್ ಗುಳ್ಳೆ ಹಾಯಿಸಿ ಒಳಗಿನ ಪಿಎಚ್ ಅನ್ನು 6.5-6.7ಕ್ಕೆ ಇಳಿಸುವುದು. ಚೂರು ಕರಗಿ ಕ್ಯಾಲ್ಸಿಯಂ, ಆಲ್ಕಲಿನಿಟಿ, ಸ್ಟ್ರಾನ್ಷಿಯಂ ಎಲ್ಲ ಹವಳದ ಮೈಯಲ್ಲಿದ್ದ ಅನುಪಾತದಲ್ಲೇ ಹೊರಬರುತ್ತವೆ. ಉಪ್ಪು ಏರುವುದಿಲ್ಲ, ಪುಡಿ ತೂಗುವ ಕೆಲಸವಿಲ್ಲ. ಓದಿದರೆ ಇದನ್ನು ಬಿಟ್ಟು ಬೇರೆಯದನ್ನು ಯಾರಾದರೂ ಯಾಕೆ ಕೊಳ್ಳುತ್ತಾರೆ ಅನ್ನಿಸುತ್ತದೆ.

ತಕರಾರು ಇರುವುದು ಹೊರಬರುವ ಹನಿಯಲ್ಲಿ. ಕೋಣೆಯೊಳಗಿನ ನೀರು ಕಾರ್ಬನ್ ಡೈಆಕ್ಸೈಡ್ ಒತ್ತಡದಲ್ಲಿ ತನ್ನ ಶಕ್ತಿಗೆ ಮೀರಿ ಕ್ಯಾಲ್ಸಿಯಂ ಹೊತ್ತಿರುತ್ತದೆ. ಹನಿ ತುದಿಗೆ ಬಂದು ಗಾಳಿ ಕಂಡ ಕೂಡಲೇ ಅನಿಲ ಹಾರಿಹೋಗುತ್ತದೆ, ಪಿಎಚ್ ಏರುತ್ತದೆ, ಹೊತ್ತದ್ದು ಅಲ್ಲೇ ಕಲ್ಲಾಗಿ ಕೂರುತ್ತದೆ. ಕೂರುವ ಜಾಗ ಯಾವುದು? ಇಡೀ ವ್ಯವಸ್ಥೆಯಲ್ಲಿ ಅತಿ ಕಿರಿದಾದ, ಹನಿಯ ವೇಗ ಹೊಂದಿಸುವ ವಾಲ್ವಿನ ಬಾಯಿ. ಅದರ ಮೇಲೆ ಮೀಡಿಯಾದ ನುಣುಪು ಹುಡಿ, ಕೊಳವೆಯ ಒಳಮೈಯ ಲೋಳೆ.

ಪೂರ್ತಿ ಕಟ್ಟಿಕೊಂಡರೆ ಒಳ್ಳೆಯದಿತ್ತು, ಕಣ್ಣಿಗೆ ಬೀಳುತ್ತಿತ್ತು. ಅದು ಹಾಗೆ ಕಟ್ಟುವುದಿಲ್ಲ. ನಿಮಿಷಕ್ಕೆ 60 ಹನಿ ಇದ್ದದ್ದು 52, ಆಮೇಲೆ 45, ಆಮೇಲೆ 38. ನೋಡಿದರೆ ಹನಿ ಬೀಳುತ್ತಲೇ ಇದೆ. ಗುಳ್ಳೆ ಎಣಿಸುವ ಕೌಂಟರ್ ಮಾತ್ರ ಹಳೆಯ ವೇಗದಲ್ಲೇ ಓಡುತ್ತಿದೆ. ನೀರು ಕಡಿಮೆ, ಅನಿಲ ಅಷ್ಟೇ, ಹಾಗಾಗಿ ಕೋಣೆಯ ಪಿಎಚ್ ಇಳಿಯುತ್ತಾ ಹೋಗುತ್ತದೆ. ಪಿಎಚ್ ಕಂಟ್ರೋಲರ್ ಇದ್ದರೆ ಸೊಲೆನಾಯ್ಡ್ (ವಿದ್ಯುತ್ ವಾಲ್ವ್) ಮುಚ್ಚಿ ಅನಿಲ ತಡೆಯುತ್ತದೆ, ಟ್ಯಾಂಕಿಗೆ ಸಿಗುವುದು ಅರೆಹೊಟ್ಟೆ. ಕಂಟ್ರೋಲರ್ ಇಲ್ಲದಿದ್ದರೆ 6.3ರ ಕೆಳಗೆ ಇಳಿದು ಮೀಡಿಯಾ ಕೆಸರಾಗುತ್ತದೆ. ಆ ಕೆಸರು ಒಳಗಿನ ಹರಿವನ್ನೂ ತಡೆಯುತ್ತದೆ.

ಸರಿ, ವಾಲ್ವ್ ಪೂರ್ತಿ ತೆರೆದು ಕಸ ತಳ್ಳಿದ್ದಾಯಿತು. ಈಗ ಮತ್ತೆ 60 ಹನಿಗೆ ತರಬೇಕು. ಕೂದಲೆಳೆಯಷ್ಟು ತಿರುಗಿಸಿದರೆ 90, ಅಷ್ಟೇ ಹಿಂದಕ್ಕೆ ತಿರುಗಿಸಿದರೆ 30. ಹೊಂದಿಸಿದ ಮೇಲೆ ಕೋಣೆಯ ಪಿಎಚ್ ನೆಲೆಗೊಳ್ಳಲು ಗಂಟೆಗಟ್ಟಲೆ ಬೇಕು. ಅದು ನೆಲೆಗೊಂಡಿತು ಅನ್ನುವಷ್ಟರಲ್ಲಿ ಹನಿ ಮತ್ತೆ ನಿಧಾನವಾಗಿರುತ್ತದೆ. ಟ್ಯಾಂಕಿನ ಆಲ್ಕಲಿನಿಟಿ ಈ ಮಧ್ಯೆ 8.3ರಿಂದ 7.5ಕ್ಕೆ, ಅಲ್ಲಿಂದ 8.8ಕ್ಕೆ ಉಯ್ಯಾಲೆ ಆಡುತ್ತದೆ. ಹವಳದ ತುದಿ ಸುಡುವುದು ಇಂಥ ಏರಿಳಿತದಲ್ಲೇ. ಒಂದೇ ಕಡೆ ನಿಂತರೆ 7.5 ಆದರೂ ಅದಕ್ಕೆ ಅಡ್ಡಿಯಿಲ್ಲ.

ಪರಿಹಾರ ಇಲ್ಲವೆಂದಲ್ಲ. ಒಳಹರಿವಿಗೆ ಸ್ಪಂಜು, ಹೊರಹರಿವಿಗೆ ಅಗಲದ ಕೊಳವೆ, ತಿಂಗಳಿಗೊಮ್ಮೆ ವಾಲ್ವನ್ನು ವಿನೆಗರಿನಲ್ಲಿ ನೆನೆಸುವುದು, ಪಿಎಚ್ ಅಳೆಯುವ ಪ್ರೋಬನ್ನು ಪಿಎಚ್ 7 ಮತ್ತು 4ರ ಬಫರ್ ದ್ರಾವಣದಲ್ಲಿ ಸರಿಹೊಂದಿಸುವುದು. ಇವುಗಳಿಂದ ತೊಂದರೆ ಮುಂದೂಡಿಕೆಯಾಗುತ್ತದೆ, ಅಷ್ಟೆ. ಗಟ್ಟಿ ಪರಿಹಾರ ಒಂದೇ: ವಾಲ್ವ್ ಕಿತ್ತುಹಾಕಿ, ಹಗಲೂ ರಾತ್ರಿ ನಿಲ್ಲದೆ ಓಡಬಲ್ಲ ಪೆರಿಸ್ಟಾಲ್ಟಿಕ್ (ಟ್ಯೂಬನ್ನು ಹಿಂಡಿ ನೀರು ತಳ್ಳುವ) ಪಂಪಿನಿಂದ ರಿಯಾಕ್ಟರಿನಿಂದ ಹೊರಬರುವ ನೀರನ್ನು ಎಳೆಯುವುದು. ಆಗ ಹರಿವು ನಿಜಕ್ಕೂ ಕದಲುವುದಿಲ್ಲ. ಸಿಲಿಂಡರ್, ರೆಗ್ಯುಲೇಟರ್, ಸೊಲೆನಾಯ್ಡ್, ಪ್ರೋಬ್, ಕಂಟ್ರೋಲರ್ ಇಷ್ಟೂ ಕೊಂಡ ಮೇಲೆ ಕೊನೆಗೆ ಕೊಳ್ಳುವುದು ಡೋಸಿಂಗ್ ಪಂಪಿನ ಅಣ್ಣನನ್ನೇ!

ಉಳಿದದ್ದು ಚುಟುಕಾಗಿ. ಮೆಗ್ನೀಸಿಯಂ 1280-1350 ಪಿಪಿಎಂ ನಡುವೆ ಇರಲಿ, ಮೂರರಲ್ಲಿ ಯಾವುದನ್ನು ಹಿಡಿದರೂ ತಿಂಗಳಿಗೊಮ್ಮೆ ನೋಡಿ; ತೀರ ಇಳಿದರೆ ಹಾಕಿದ ಕ್ಯಾಲ್ಸಿಯಂ ನೀರಲ್ಲಿ ನಿಲ್ಲದೆ ಕಲ್ಲಾಗುತ್ತದೆ. ರಿಯಾಕ್ಟರ್ ಟ್ಯಾಂಕಿನ ಪಿಎಚ್ ಇಳಿಸುತ್ತದೆ, ಉಳಿದೆರಡು ಏರಿಸುತ್ತವೆ. ಅಗ್ಗದ ಮೀಡಿಯಾದಲ್ಲಿ ಫಾಸ್ಫೇಟ್ ಇರಬಹುದು, ಪಾಚಿ ಬಂದರೆ ಅದನ್ನೂ ಅನುಮಾನಿಸಿ. ಸದ್ದಿನಲ್ಲಿ ಮೂರೂ ಒಂದೇ.

ನನ್ನ ಆಯ್ಕೆ ನನ್ನ ಅಭ್ಯಾಸಕ್ಕೆ ಹೊಂದಿದ್ದು. ಭಾನುವಾರ ಮತ್ತು ಬುಧವಾರ ಟೆಸ್ಟ್ ಕಿಟ್ ಹಿಡಿಯುವುದಕ್ಕೆ ಬೇಸರವಿಲ್ಲ, ಹದಿನೈದು ದಿನಕ್ಕೊಮ್ಮೆ ಪುಡಿ ತೂಗುವುದಕ್ಕೂ ಇಲ್ಲ. ವಾಲ್ವ್ ತಿರುಗಿಸಿ ಹನಿ ಎಣಿಸುವ ತಾಳ್ಮೆ ಇಲ್ಲ. ರಿಯಾಕ್ಟರಿಗೆ ಸುರಿಯುವ ದುಡ್ಡಿನಲ್ಲಿ ಒಳ್ಳೆಯ ದೀಪ ಬರುತ್ತದೆ ಎನ್ನುವುದೂ ಒಂದು ಕಾರಣ. 400 ಲೀಟರ್ ನೀರು, ದಿನಕ್ಕೆ 2.5 ಡಿಕೆಎಚ್ ಹಸಿವು ಇದ್ದರೆ ಮಾತು ಬೇರೆ. ಆಗ ಎರಡೂ ಬಾಟಲಿಯಿಂದ ದಿನಕ್ಕೆ ತಲಾ 190 ಮಿ.ಲೀ., ತಿಂಗಳಿಗೆ ಹತ್ತಿರಹತ್ತಿರ 6 ಲೀಟರ್ ಖಾಲಿಯಾಗುತ್ತದೆ, ಉಪ್ಪೂ ಅದೇ ವೇಗದಲ್ಲಿ ಏರುತ್ತದೆ. ಅಂಥವರು ರಿಯಾಕ್ಟರ್ ಕೊಳ್ಳಲಿ, ಪಂಪನ್ನು ಮೊದಲ ದಿನವೇ ಜೊತೆಗೆ ಕೊಳ್ಳಲಿ.

ಬಾಟಲಿಯ ದಾರಿ ಹಿಡಿದವರು ಎರಡರ ಬದಲು ಮೂರು ತಲೆಯ (ಮೂರು ದ್ರಾವಣ ಬೇರೆಬೇರೆಯಾಗಿ ಹಾಕಬಲ್ಲ) ಡೋಸಿಂಗ್ ಪಂಪ್ ತೆಗೆದುಕೊಳ್ಳಿ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಬೆಳಗಿನ ಜಾವ ಪಿಎಚ್ 7.8ಕ್ಕೆ ಕುಸಿಯುತ್ತಿದ್ದರೆ, ಮೂರನೇ ತಲೆಯಿಂದ ರಾತ್ರಿಯಿಡೀ ಹಂಚಿ ಅರ್ಧ ಲೀಟರ್ ಸುಣ್ಣದ ತಿಳಿ ಹಾಕಿ. 170 ಲೀಟರಿಗೆ ಅದು 0.34 ಡಿಕೆಎಚ್, ಅಂದರೆ ಎರಡೂ ಬಾಟಲಿಯಿಂದ ತಲಾ 11 ಮಿ.ಲೀ. ಕಡಿತ ಮಾಡಬೇಕು. ತಲೆಯೊಳಗಿನ ಟ್ಯೂಬ್ ಸವೆದಂತೆ 20 ಮಿ.ಲೀ. ಎಂದು ಬರೆದಲ್ಲಿ 17 ಬೀಳುತ್ತದೆ; ತಿಂಗಳಿಗೊಮ್ಮೆ ಅಳತೆಯ ಜಾಡಿ ಹಿಡಿದು ಮೂರೂ ತಲೆಯನ್ನು ಸರಿಪಡಿಸಿ. ಸುಣ್ಣದ ಟ್ಯೂಬ್ ಉಳಿದೆರಡಕ್ಕಿಂತ ಬೇಗ ಗಟ್ಟಿಯಾಗುತ್ತದೆ, ಅದರದ್ದೊಂದು ಹೆಚ್ಚುವರಿ ತೆಗೆದಿಟ್ಟುಕೊಳ್ಳಿ.