ಒಂದೇ ಸೂಜಿಯಲ್ಲಿ ಥೈರಾಯ್ಡ್ ಟೆಸ್ಟೂ ಆಯಿತು: ಮಗಳ ಥಲಸ್ಸೇಮಿಯಾ ಡೇ ಕೇರ್ ಬಗ್ಗೆ

ಮಗಳಿಗೆ 12 ವರ್ಷ. ಥಲಸ್ಸೇಮಿಯಾ ಮೇಜರ್, ಅಂದರೆ ಮೈಯಲ್ಲಿ ಸಾಕಷ್ಟು ಒಳ್ಳೆ ರಕ್ತ ತಯಾರಾಗದ ಹುಟ್ಟುಕಾಯಿಲೆ. ಮೂರು ವಾರಕ್ಕೊಮ್ಮೆ ತುಮಕೂರಿನಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಬರುತ್ತೇವೆ, ರಕ್ತ ಹಾಕಿಸಿಕೊಂಡು ಸಂಜೆ ವಾಪಸ್. ಈ ಡೇ ಕೇರ್‌ಗೆ (ರಕ್ತ ಹಾಕಿ ಅದೇ ದಿನ ಮನೆಗೆ ಕಳಿಸುವ ಆಸ್ಪತ್ರೆ ವಾರ್ಡ್) ಬರಲು ಶುರು ಮಾಡಿ ಒಂದೂವರೆ ವರ್ಷವಾಯಿತು.

ಮೊದಲು ಹೋಗುತ್ತಿದ್ದ ಕಡೆ ರಕ್ತ ಹಾಕಿ ಕಳಿಸುತ್ತಿದ್ದರು, ಅಷ್ಟೇ. ಮಗಳು ಸ್ಕೂಲಿಂದ ಬಂದವಳೇ ಮಲಗಿಬಿಡುತ್ತಿದ್ದಳು. ಬೇಸಿಗೆಯಲ್ಲೂ ಹೊದಿಕೆ ಬೇಕು. ಬಾಗಿಲ ಚೌಕಟ್ಟಿನ ಮೇಲೆ ಅವಳ ಎತ್ತರಕ್ಕೆ ಗೀಟು ಹಾಕುತ್ತಿದ್ದೆ. ಎರಡು ಯುಗಾದಿ ಗೀಟೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ. ಕೇಳಿದರೆ, ‘ರಕ್ತ ಕಮ್ಮಿ ಆದಾಗ ಹಾಗೇ’ ಅಂದರು. ರಕ್ತ ಹಾಕಿಸಿದ ಮಾರನೇ ದಿನವೂ ಹಾಗೇ ಇರುತ್ತಿದ್ದಳಲ್ಲ!

ಇಲ್ಲಿ ಡಾಕ್ಟರಮ್ಮ ಮೊದಲ ದಿನವೇ ಕೇಳಿದರು, ‘ಥೈರಾಯ್ಡ್ ಯಾವಾಗ ನೋಡ್ಸಿದ್ರಿ?’ ಒಂದು ಸಲವೂ ಇಲ್ಲ. ಒಂದೊಂದು ಯೂನಿಟ್ ರಕ್ತದ ಜೊತೆ ಸುಮಾರು 200 ಮಿಲಿಗ್ರಾಂ ಕಬ್ಬಿಣ ಮೈ ಸೇರುತ್ತದಂತೆ. ಅದು ಲಿವರ್, ಹೃದಯಕ್ಕೆ ಕೆಟ್ಟದ್ದು ಅಂತ ಗೊತ್ತಿತ್ತು. ಕತ್ತಿನ ಥೈರಾಯ್ಡ್‌ನಲ್ಲೂ, ಅದನ್ನು ಓಡಿಸುವ ತಲೆಯೊಳಗಿನ ಪಿಟ್ಯುಟರಿ ಗ್ರಂಥಿಯಲ್ಲೂ ಹೋಗಿ ಕೂರುತ್ತದೆ ಅಂತ ಯಾರೂ ಹೇಳಿರಲಿಲ್ಲ. ಮಗುವಿಗೆ 9 ವರ್ಷ ಆದಾಗಿನಿಂದ ವರ್ಷಕ್ಕೊಮ್ಮೆ ಟಿಎಸ್‌ಎಚ್ (ಥೈರಾಯ್ಡ್ ಓಡಿಸಲು ಪಿಟ್ಯುಟರಿ ಕಳಿಸುವ ಹಾರ್ಮೋನ್), ಫ್ರೀ ಟಿ4 (ಥೈರಾಯ್ಡ್ ತಾನೇ ಮಾಡುವ ಹಾರ್ಮೋನ್) ಎರಡೂ ನೋಡಬೇಕು. ಪಿಟ್ಯುಟರಿಯೇ ಸೋತಿದ್ದರೆ ಟಿಎಸ್‌ಎಚ್ ಒಂದೇ ನೋಡಿದಾಗ ನಾರ್ಮಲ್ ಅಂತಲೇ ಬರಬಹುದು.

ಕ್ರಾಸ್ ಮ್ಯಾಚ್‌ಗೆ, ಅಂದರೆ ಹಾಕುವ ರಕ್ತ ಹೊಂದುತ್ತದಾ ಅಂತ ನೋಡಲು, ರಕ್ತ ತೆಗೆಯುವಾಗಲೇ ಇನ್ನೊಂದು ಟ್ಯೂಬ್ ತುಂಬಿಸಿಕೊಂಡರು. ಬೇರೆ ಸೂಜಿ ಇಲ್ಲ. ನನಗೆ ಇದೇ ದೊಡ್ಡದು. ಟಿಎಸ್‌ಎಚ್ 14 ಬಂತು, ಅಂದರೆ ಜಾಸ್ತಿ; ಟಿ4 ಕಮ್ಮಿ; ಮೈಯಲ್ಲಿ ಕೂತ ಕಬ್ಬಿಣ ತೋರಿಸುವ ಫೆರಿಟಿನ್ 4,000ದ ಹತ್ತಿರ, ಅದೂ ತುಂಬಾ ಜಾಸ್ತಿ. ಥೈರಾಯ್ಡ್ ಸೋತಿತ್ತು; ಆ ಸುಸ್ತು, ಚಳಿ, ಎತ್ತರ ನಿಂತಿದ್ದು ಬರೀ ರಕ್ತ ಕಮ್ಮಿಯಿಂದ ಅಲ್ಲ.

ಆಮೇಲೆ ಮಾತ್ರೆಗಳ ಗೋಳು. ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಗೆ. ಕಬ್ಬಿಣ ಇಳಿಸುವ ಮಾತ್ರೆಯೂ ಖಾಲಿ ಹೊಟ್ಟೆಗೇ. ಕ್ಯಾಲ್ಸಿಯಂಗೂ ಥೈರಾಯ್ಡ್‌ಗೂ 4 ಗಂಟೆ ಅಂತರ ಬೇಕು. ನಾನು ತಲೆ ಮೇಲೆ ಕೈ ಹೊತ್ತು ಕೂತಿದ್ದು ನೋಡಿ ಸಿಸ್ಟರ್ ಒಬ್ಬರು ಹಳೇ ಕ್ಯಾಲೆಂಡರ್ ಹಿಂದೆ ಕನ್ನಡದಲ್ಲೇ ಬರೆದು ಕೊಟ್ಟರು: 6ಕ್ಕೆ ಥೈರಾಯ್ಡ್, 7ಕ್ಕೆ ತಿಂಡಿ, ರಾತ್ರಿ ಊಟಕ್ಕೆ ಅರ್ಧ ಗಂಟೆ ಮುಂಚೆ ಕಬ್ಬಿಣ ಇಳಿಸುವುದು, ಮಲಗುವಾಗ ಕ್ಯಾಲ್ಸಿಯಂ. ಅದು ಇನ್ನೂ ನಮ್ಮ ಫ್ರಿಜ್ ಮೇಲಿದೆ. ಈ ಯುಗಾದಿಯ ಗೀಟು ಎರಡು ಬೆರಳು ಮೇಲಿದೆ.

ಎಲ್ಲಾ ಚೆನ್ನಾಗಿದೆ ಅಂತಲ್ಲ. ಹಾರ್ಮೋನ್ ಡಾಕ್ಟರು ಬರುವುದು ತಿಂಗಳಿಗೆ ಒಂದೇ ಗುರುವಾರ. ನಮ್ಮ ರಕ್ತದ ದಿನಕ್ಕೆ ಹೊಂದುವುದೇ ಇಲ್ಲ, ಸುಮ್ನೆ ಇನ್ನೊಂದು ದಿನ ಸ್ಕೂಲಿಗೆ ರಜೆ. ಟಿವಿ ಸೌಂಡ್ ಕಮ್ಮಿ ಮಾಡುವವರಿಲ್ಲ. ಕ್ಯಾಂಟೀನ್ ಕಾಫಿ ವಿಷಯ ಬಿಡಿ.

ಐದಕ್ಕೆ ನಾಲ್ಕು ಸ್ಟಾರ್. ಹೊಸದಾಗಿ ಬರುವವರು ಹಳೇ ಫೆರಿಟಿನ್ ರಿಪೋರ್ಟುಗಳನ್ನೆಲ್ಲ ತನ್ನಿ, ಕೇಳುತ್ತಾರೆ. ಮಗುವಿಗೆ ಒಂದು ಸ್ವೆಟರೂ ಇರಲಿ, ಎಸಿ ಜೋರು.