ದಿನಾ ಸಂಜೆ ಒಂದು ಗ್ಲಾಸು ಕೆಂಪು ವೈನ್: ರುಚಿಗೆ ನಾಲ್ಕು ಸ್ಟಾರ್, ‘ಹಾರ್ಟಿಗೆ ಒಳ್ಳೇದು’ ಎಂಬ ಮಾತಿಗೆ ಒಂದೇ

ನಮ್ಮ ಊರುಗಳ ‘ವೈನ್ ಸ್ಟೋರ್’ ಬೋರ್ಡಿನಡಿ ನಿಂತರೆ ಕಾಣುವುದು ವಿಸ್ಕಿ, ರಮ್ಮು, ಬ್ರಾಂದಿ. ವೈನ್ ಮಾತ್ರ ಮೂಲೆಯ ಒಂದು ಶೆಲ್ಫಿನಲ್ಲಿ ಧೂಳು ಹಿಡಿದು ಕೂತಿರುತ್ತದೆ. ಆದರೂ ಅದಕ್ಕಿರುವ ಮರ್ಯಾದೆ ಬೇರೆ ಯಾವುದಕ್ಕೂ ಇಲ್ಲ. ದಿನಾ ಸಂಜೆ ವಿಸ್ಕಿ ಕುಡಿಯುವವನನ್ನು ಮನೆಯವರು ಕುಡುಕ ಎನ್ನುತ್ತಾರೆ. ದಿನಾ ಸಂಜೆ ವೈನ್ ಕುಡಿಯುವವನನ್ನು ‘ಡಾಕ್ಟರೇ ಒಳ್ಳೇದು ಅಂದಿದ್ದಾರಂತೆ’ ಎಂದು ಬಿಟ್ಟುಬಿಡುತ್ತಾರೆ. ಹಾಗಾಗಿ ಇದನ್ನು ರುಚಿಯ ಪಾನೀಯವಾಗಿಯೂ ದಿನಬಳಕೆಯ ‘ಆರೋಗ್ಯದ ಸರಕು’ ಎಂದೂ ಎರಡೂ ಕಡೆಯಿಂದ ನೋಡಬೇಕು. ಇಲ್ಲಿ ತೆಗೆದುಕೊಂಡಿರುವುದು ಒಂದೇ ಕಂಪನಿಯ ಬಾಟಲಿಯನ್ನಲ್ಲ. ನಂದಿ ಬೆಟ್ಟದ ತಪ್ಪಲಿನಿಂದಲೋ ನಾಸಿಕದಿಂದಲೋ ಬರುವ, 750 ಎಂಎಲ್‌ನ, ಶೇ 13 ಮದ್ಯಸಾರದ ಸಾಮಾನ್ಯ ಕೆಂಪು ವೈನ್.

ರುಚಿಯ ಮಾತು ಬೇಗ ಮುಗಿಸೋಣ. ಕ್ಯಾಬರ್ನೆ, ಶಿರಾಜ್ ಎಂಬ ದ್ರಾಕ್ಷಿ ತಳಿಗಳು ಬೆರೆತ ನಮ್ಮ ಕಡೆಯ ವೈನ್‌ಗಳು ಈಗ ಚೆನ್ನಾಗಿಯೇ ಬರುತ್ತಿವೆ. ನೇರಳೆ ಹಣ್ಣು ತಿಂದಾಗ ನಾಲಿಗೆ ಹಿಡಿಯುವ ಒಗರು, ಸ್ವಲ್ಪ ಕರಿಮೆಣಸಿನ ಘಾಟು, ಹದವಾದ ಹುಳಿ. ಮಟನ್ ಸಾರು, ಕೊಡಗಿನ ಪಂದಿಕರಿಯಂಥ ಖಾರ, ಹುಳಿ, ಕೊಬ್ಬು ಇರುವ ಅಡುಗೆಗೆ ಆ ಒಗರು ಹೊಂದುತ್ತದೆ. ಕಪ್ಪು ‘ಬೆಂಗಳೂರು ಬ್ಲೂ’ ದ್ರಾಕ್ಷಿಯಿಂದ ಮಾಡಿದ ಅಗ್ಗದ ಸಿಹಿ ವೈನ್ ಬೇರೆಯೇ ಜಾತಿ. ಅದರ ಪರಿಮಳ ಜ್ಯೂಸಿನದ್ದು, ಸಿಹಿಯೂ ಹೆಚ್ಚು. ಕೊಡಗಿನ ಮನೆವೈನಿನ ಬಾಟಲಿಯ ಮೇಲಂತೂ ಮದ್ಯಸಾರ ಎಷ್ಟು ಶೇಕಡ ಎಂದು ಬರೆದಿರುವುದೇ ಅಪರೂಪ. ಕೆಳಗಿನ ಯಾವ ಲೆಕ್ಕವನ್ನೂ ಅದಕ್ಕೆ ಹಾಕಲಾಗದು.

ಲೆಕ್ಕವೇ ಇಲ್ಲಿ ಮುಖ್ಯ. 750 ಎಂಎಲ್‌ನಲ್ಲಿ ಶೇ 13 ಎಂದರೆ 97.5 ಎಂಎಲ್ ಶುದ್ಧ ಮದ್ಯಸಾರ, ತೂಕದಲ್ಲಿ ಸುಮಾರು 77 ಗ್ರಾಂ. ಶೇ 42.8ರ ವಿಸ್ಕಿಯ ಒಂದು ಕ್ವಾರ್ಟರ್, ಅಂದರೆ 180 ಎಂಎಲ್, ಅದರಲ್ಲಿರುವುದು 77 ಎಂಎಲ್ ಮದ್ಯಸಾರ. ಒಂದು ಬಾಟಲಿ ವೈನ್ ಎಂದರೆ ಒಂದೂಕಾಲು ಕ್ವಾರ್ಟರ್ ವಿಸ್ಕಿ. ಗಂಡ ಹೆಂಡತಿ ಸೇರಿ ರಾತ್ರಿ ಒಂದು ಬಾಟಲಿ ಮುಗಿಸಿದರೆ ತಲಾ ನಾಲ್ಕು ಸಣ್ಣ ಪೆಗ್‌ಗೆ ಸ್ವಲ್ಪ ಕಡಿಮೆ. ಹೀಗೆ ಹೇಳಿದಾಗ ಮಾತ್ರ ನಮ್ಮಲ್ಲಿ ಜನ ಬೆಚ್ಚುತ್ತಾರೆ. ಲಿವರಿಗೆ ದ್ರಾಕ್ಷಿ, ಬಾರ್ಲಿ, ಕಬ್ಬಿನ ಕಾಕಂಬಿ ಎಂಬ ಭೇದ ಗೊತ್ತಿಲ್ಲ. ಎಲ್ಲದರಲ್ಲೂ ಇರುವುದು ಅದೇ ಎಥನಾಲ್.

‘ಒಂದು ಗ್ಲಾಸು’ ಎಂದು ಪುಸ್ತಕಗಳು ಹೇಳುವುದು 150 ಎಂಎಲ್. ಅದರಲ್ಲಿ 15.4 ಗ್ರಾಂ ಮದ್ಯಸಾರ. ಆದರೆ ಈಗ ಮನೆಗೆ ತರುವ ಹೊಟ್ಟೆ ಉಬ್ಬಿದ ಗ್ಲಾಸುಗಳು 500, 600 ಎಂಎಲ್ ಹಿಡಿಯುತ್ತವೆ. ಅದರಲ್ಲಿ 150 ಎಂಎಲ್ ಹಾಕಿದರೆ ತಳದಲ್ಲಿ ಒಂದಿಷ್ಟು ಕಂಡು, ಕೈ ತಾನಾಗಿ ಇನ್ನಷ್ಟು ಸುರಿಯುತ್ತದೆ. ಪರೀಕ್ಷೆ ಸುಲಭ: ಅಳತೆಯ ಕಪ್ಪಿನಲ್ಲಿ 150 ಎಂಎಲ್ ನೀರು ಹಿಡಿದು ನಿಮ್ಮ ಗ್ಲಾಸಿಗೆ ಹಾಕಿ, ನೀರಿನ ಮಟ್ಟಕ್ಕೆ ಹೊರಗಿನಿಂದ ರಬ್ಬರ್ ಬ್ಯಾಂಡ್ ಸುತ್ತಿ. ಒಂದು ಬಾಟಲಿಗೆ ಐದು ಗ್ಲಾಸು ಬರಬೇಕು. ಮೂರೇ ಬರುತ್ತಿದ್ದರೆ ನಿಮ್ಮ ‘ಒಂದು ಗ್ಲಾಸು’ 250 ಎಂಎಲ್, ಸುಮಾರು 26 ಗ್ರಾಂ.

ಇದು ಜಿಪುಣತನದ ಲೆಕ್ಕವಲ್ಲ, ಗಡಿಗಳೆಲ್ಲ ಇಲ್ಲೇ ನಿಂತಿವೆ. ಬ್ರಿಟನ್ನಿನ 2016ರ ಸಲಹೆ ವಾರಕ್ಕೆ 14 ಯೂನಿಟ್, ಅಂದರೆ 112 ಗ್ರಾಂ. ದಿನಾ ಸರಿಯಾಗಿ 150 ಎಂಎಲ್ ಕುಡಿದರೆ ವಾರಕ್ಕೆ 108 ಗ್ರಾಂ. ಗಡಿಯ ಬೇಲಿಗೆ ಬೆನ್ನು ತಾಗಿಸಿ ನಿಂತ ಹಾಗೆ. 200 ಎಂಎಲ್ ಆದರೆ 144 ಗ್ರಾಂ. ಬೊಜ್ಜು, ಸಕ್ಕರೆ ಕಾಯಿಲೆಯ ಜೊತೆಗೆ ಬರುವ ಫ್ಯಾಟಿ ಲಿವರ್‌ನಲ್ಲಿ ಮದ್ಯದ ಪಾಲೂ ಇದೆ ಎಂದು ವೈದ್ಯರು ಈಗ ಪ್ರತ್ಯೇಕವಾಗಿ ಗುರುತಿಸುವುದು ಹೆಂಗಸರಲ್ಲಿ ವಾರಕ್ಕೆ 140 ಗ್ರಾಂನಿಂದ, ಗಂಡಸರಲ್ಲಿ 210ರಿಂದ. ದಿನಕ್ಕೆ 50 ಎಂಎಲ್ ಕೈತಪ್ಪು ಒಬ್ಬ ಹೆಂಗಸನ್ನು ಆ ಗೆರೆ ದಾಟಿಸಲು ಸಾಕು. ಕೆನಡಾದ 2023ರ ಮಾರ್ಗದರ್ಶಿಯಂತೂ ಕಡಿಮೆ ಅಪಾಯ ಎಂದು ಒಪ್ಪುವುದು ವಾರಕ್ಕೆ ಎರಡು ಗ್ಲಾಸಿನವರೆಗೆ ಮಾತ್ರ. ದಿನಕ್ಕಲ್ಲ, ವಾರಕ್ಕೆ.

ಈಗ ‘ಹೃದಯಕ್ಕೆ ಒಳ್ಳೇದು’ ಎಂಬ ಮಾತು. ಇದು ದೊಡ್ಡದಾಗಿ ಹಬ್ಬಿದ್ದು 1991ರಲ್ಲಿ. ಫ್ರೆಂಚರು ಬೆಣ್ಣೆ, ಚೀಸು ತಿಂದೂ ಹೃದಯಾಘಾತ ಕಡಿಮೆ ಎಂದು ಸೆರ್ಜ್ ರೆನೋ ಎಂಬ ವಿಜ್ಞಾನಿ ಅಮೆರಿಕದ ಟಿ.ವಿ. ಕಾರ್ಯಕ್ರಮದಲ್ಲಿ ಹೇಳಿ, ಕಾರಣ ವೈನ್ ಇರಬಹುದು ಎಂದರು. ಆಮೇಲೆ ಬಂದ ಹೀರೋ ರೆಸ್ವೆರಟ್ರಾಲ್, ದ್ರಾಕ್ಷಿ ಸಿಪ್ಪೆಯ ವಸ್ತು. ಪ್ರಯೋಗಗಳಲ್ಲಿ ಜನರಿಗೆ ಅದನ್ನು ಕೊಟ್ಟದ್ದು 500 ಮಿಲಿಗ್ರಾಂ, ಒಂದು ಗ್ರಾಂನಂಥ ಪ್ರಮಾಣದಲ್ಲಿ. ಕೆಂಪು ವೈನಿನಲ್ಲಿ ಅದು ಲೀಟರಿಗೆ 5 ಮಿಲಿಗ್ರಾಂ ಇದೆ ಎಂದು ಧಾರಾಳವಾಗಿ ಹಿಡಿದರೂ 500 ಮಿಲಿಗ್ರಾಂಗೆ 100 ಲೀಟರ್ ಬೇಕು. 133 ಬಾಟಲಿ. ಸಾಲದ್ದಕ್ಕೆ, ಈ ವಸ್ತುವಿನ ಬಗ್ಗೆ ಸಾಲುಸಾಲು ಲೇಖನ ಬರೆದ ದೀಪಕ್ ದಾಸ್ ದತ್ತಾಂಶಗಳನ್ನು ತಿದ್ದಿ ಸೃಷ್ಟಿಸಿದ್ದರು ಎಂದು ಕನೆಕ್ಟಿಕಟ್ ವಿಶ್ವವಿದ್ಯಾಲಯವೇ 2012ರಲ್ಲಿ ಘೋಷಿಸಿತು.

ವೈನಿನ ಪರ ಇರುವ ನೇರವಾದ ಪುರಾವೆಯನ್ನೂ ಹೇಳಬೇಕು, ಇಲ್ಲವಾದರೆ ವಿಮರ್ಶೆ ನ್ಯಾಯವಾಗದು. ಇಸ್ರೇಲಿನ ಬೆನ್-ಗುರಿಯನ್ ವಿಶ್ವವಿದ್ಯಾಲಯದವರು ಮೊದಲು ಕುಡಿಯದಿದ್ದ, ಶುಗರ್ ಹತೋಟಿಯಲ್ಲಿದ್ದ 224 ಮಧುಮೇಹಿಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿ, ರಾತ್ರಿಯೂಟದ ಜೊತೆ 150 ಎಂಎಲ್ ಕೆಂಪು ವೈನ್, ಬಿಳಿ ವೈನ್ ಅಥವಾ ಬರೀ ನೀರು ಎಂದು ಎರಡು ವರ್ಷ ಕೊಟ್ಟರು. 2015ರಲ್ಲಿ ಫಲಿತಾಂಶ ಬಂತು: ನೀರಿನವರಿಗಿಂತ ಕೆಂಪು ವೈನಿನವರ ‘ಒಳ್ಳೆಯ ಕೊಲೆಸ್ಟರಾಲ್’ ಎಚ್‌ಡಿಎಲ್ 2 ಮಿಲಿಗ್ರಾಂನಷ್ಟು ಏರಿತ್ತು. ಇದು ನಿಜವೇ. ಆದರೆ ಅಷ್ಟೇ. ಎಚ್‌ಡಿಎಲ್ ಏರಿದ ಮಾತ್ರಕ್ಕೆ ಹೃದಯಾಘಾತ ತಗ್ಗುವುದಿಲ್ಲ ಎಂಬುದನ್ನು ಔಷಧ ಕಂಪನಿಗಳು ಕೈಸುಟ್ಟುಕೊಂಡು ಕಲಿತಿವೆ. ಎಚ್‌ಡಿಎಲ್ ಜೋರಾಗಿ ಏರಿಸುತ್ತಿದ್ದ ಟಾರ್ಸೆಟ್ರಾಪಿಬ್ ಎಂಬ ಮಾತ್ರೆಯ ಪ್ರಯೋಗವನ್ನು 2006ರಲ್ಲಿ ನಿಲ್ಲಿಸಬೇಕಾಯಿತು, ಅದನ್ನು ನುಂಗಿದವರಲ್ಲೇ ಸಾವು ಹೆಚ್ಚಿತ್ತು. ಹೃದಯಾಘಾತವನ್ನೇ ಎಣಿಸಲು ಅಮೆರಿಕದಲ್ಲಿ ಶುರುವಾದ ದೊಡ್ಡ ಪ್ರಯೋಗವೊಂದು 2018ರಲ್ಲಿ ಮುಚ್ಚಿಹೋಯಿತು. ಅದಕ್ಕೆ ಮದ್ಯದ ಕಂಪನಿಗಳಿಂದ ಹಣ ಕೇಳಿ ಪಡೆದ ರೀತಿಯೇ ಮುಖ್ಯ ಕಾರಣ.

ಹಾಗಾದರೆ ಮಿತವಾಗಿ ಕುಡಿಯುವವರು ಹೆಚ್ಚು ಆರೋಗ್ಯವಂತರಾಗಿ ಕಂಡದ್ದೇಕೆ? ‘ಕುಡಿಯದವರು’ ಎಂಬ ಗುಂಪಿನಲ್ಲಿ ಕಾಯಿಲೆ ಬಂದು ಕುಡಿತ ಬಿಟ್ಟವರೂ ಸೇರಿಹೋಗಿದ್ದರು. ಊಟದ ಜೊತೆ ಒಂದೇ ಗ್ಲಾಸು ವೈನ್ ಕುಡಿಯುವವರಿಗೆ ಹಣ, ತರಕಾರಿ, ವಾಕಿಂಗು, ಒಳ್ಳೆಯ ವೈದ್ಯರು ಎಲ್ಲವೂ ಇರುತ್ತವೆ. ಲಾಭ ಅವುಗಳದ್ದು, ಹೆಸರು ವೈನಿನದ್ದು.

ಬಿ.ಪಿ. ವಿಷಯದಲ್ಲಿ ಅನುಮಾನಕ್ಕೆ ಜಾಗವಿಲ್ಲ. ದಿನಕ್ಕೆ 12 ಗ್ರಾಂ ಕುಡಿಯುವವರ ಮೇಲಿನ ಬಿ.ಪಿ. ವರ್ಷಗಳಲ್ಲಿ ಸರಾಸರಿ 1.25 ಅಂಕ, 48 ಗ್ರಾಂ ಕುಡಿಯುವವರದ್ದು ಸುಮಾರು 5 ಅಂಕ ಹೆಚ್ಚು ಎಂದು 2023ರಲ್ಲಿ ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಕಂಡಿತು. ಮಾತ್ರೆ ನುಂಗುತ್ತಾ ಇಳಿಸಿದ್ದನ್ನು ಗ್ಲಾಸು ಏರಿಸುತ್ತದೆ. ಎದೆಬಡಿತ ತಾಳ ತಪ್ಪುವ ಏಟ್ರಿಯಲ್ ಫಿಬ್ರಿಲೇಷನ್ ದಿನಕ್ಕೆ ಒಂದೇ ಡ್ರಿಂಕ್ ಕುಡಿಯುವವರಲ್ಲೂ ಶೇ 16ರಷ್ಟು ಹೆಚ್ಚು ಎಂದು 2021ರ ಯುರೋಪಿನ ಅಧ್ಯಯನ ಹೇಳಿತು.

ಕ್ಯಾನ್ಸರ್ ಬಗ್ಗೆ ಬಾಟಲಿಯ ಮೇಲೆ ಒಂದಕ್ಷರವೂ ಇಲ್ಲ. ‘ಆರೋಗ್ಯಕ್ಕೆ ಹಾನಿಕರ, ಕುಡಿದು ವಾಹನ ಓಡಿಸಬೇಡಿ’ ಎಂಬ ಸಾಲಷ್ಟೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಮದ್ಯವನ್ನು ಬೀಡಿ ಸಿಗರೇಟಿನ ಸಾಲಿನಲ್ಲೇ, ಕ್ಯಾನ್ಸರ್ ತರುವುದು ಖಚಿತ ಎನ್ನುವ ಮೊದಲ ಗುಂಪಿನಲ್ಲಿಟ್ಟು ಮೂರು ದಶಕಕ್ಕೂ ಮೇಲಾಯಿತು. ಎಥನಾಲ್ ಒಡೆದಾಗ ಹುಟ್ಟುವ ಅಸಿಟಾಲ್ಡಿಹೈಡ್ ಕೋಶದ ಡಿಎನ್‌ಎಯನ್ನು ಕೆಡಿಸುತ್ತದೆ. ಬಾಯಿಯ ಬ್ಯಾಕ್ಟೀರಿಯಾಗಳೇ ಅದನ್ನು ನಾಲಿಗೆಯ ಮೇಲೆ ತಯಾರಿಸುತ್ತವೆ. ಎಲೆ-ಅಡಿಕೆ, ಹೊಗೆಸೊಪ್ಪು, ಗುಟ್ಕಾ ಹಾಕುವ ಬಾಯಿಗೆ ವೈನ್ ಸೇರಿದರೆ ಅಪಾಯ ಕೂಡುವುದಿಲ್ಲ, ಗುಣಿಸುತ್ತದೆ. ಊಟದ ಮೇಲೆ ಎಲೆ-ಅಡಿಕೆ ಹಾಕುವ ಮನೆಗಳಲ್ಲಿ ಇದು ಸಣ್ಣ ಮಾತಲ್ಲ.

ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ವಿವೇಕ್ ಮೂರ್ತಿ ಅಮೆರಿಕದ ಸರ್ಜನ್ ಜನರಲ್, ಅಂದರೆ ಸರ್ಕಾರದ ಉನ್ನತ ಆರೋಗ್ಯಾಧಿಕಾರಿ ಆಗಿದ್ದಾಗ 2025ರ ಜನವರಿಯಲ್ಲಿ ಹೊರಡಿಸಿದ ಸೂಚನೆಯಲ್ಲಿ ಅಂಕಿಗಳು ತಿಳಿಯಾಗಿವೆ. ವಾರಕ್ಕೆ ಒಂದು ಡ್ರಿಂಕ್‌ಗಿಂತ ಕಡಿಮೆ ಕುಡಿಯುವ 100 ಹೆಂಗಸರಲ್ಲಿ ಜೀವಮಾನದಲ್ಲಿ ಮದ್ಯಕ್ಕೆ ನಂಟಿರುವ ಕ್ಯಾನ್ಸರ್ ಬರುವುದು ಸುಮಾರು 17 ಮಂದಿಗೆ. ದಿನಕ್ಕೆ ಒಂದಾದರೆ 19, ಎರಡಾದರೆ 22. ಗಂಡಸರಲ್ಲಿ 10, 11, 13. ಒಬ್ಬೊಬ್ಬರ ಮಟ್ಟಿಗೆ ಒಂದು ಗ್ಲಾಸಿನ ಅಪಾಯ ಸಣ್ಣದು ಎಂಬುದನ್ನೂ ಈ ಅಂಕಿಗಳೇ ಹೇಳುತ್ತವೆ; ಹೆಂಗಸರಿಗೆ ಎರಡನೇ ಗ್ಲಾಸು ದುಬಾರಿ ಎಂಬುದನ್ನೂ. ಸ್ತನದ ಕ್ಯಾನ್ಸರ್ ತಾಯಿಗೋ ಅಕ್ಕನಿಗೋ ಬಂದಿರುವ ಮನೆಯ ಹೆಣ್ಣುಮಕ್ಕಳು ದಿನದ ಗ್ಲಾಸನ್ನು ಬಿಡುವುದೇ ಲೇಸು. ಬಸುರಿಯರಿಗೆ ಒಂದು ಗುಟುಕೂ ಇಲ್ಲ.

ನಿದ್ದೆಗೆಂದು ಕುಡಿಯುವವರೇ ಹೆಚ್ಚು ಮೋಸಹೋಗುವುದು. ದೇಹ ಗಂಟೆಗೆ ಸುಮಾರು 7 ಗ್ರಾಂ ಮದ್ಯಸಾರ ಕರಗಿಸುತ್ತದೆ. ರಾತ್ರಿ ಒಂಬತ್ತರಿಂದ ಹತ್ತರೊಳಗೆ ಎರಡು ಗ್ಲಾಸು, 31 ಗ್ರಾಂ ಆದರೆ ಅದು ಪೂರ್ತಿ ಇಳಿಯುವುದು ಒಂದೂವರೆ, ಎರಡಕ್ಕೆ. ಅಲ್ಲಿಯವರೆಗೆ ಗಾಢ ನಿದ್ದೆ ಇದ್ದರೂ ಕನಸಿನ ನಿದ್ದೆ ಕಡಿಮೆ. ಇಳಿದ ಕೂಡಲೇ ಅದುಮಿಟ್ಟದ್ದು ಪುಟಿದೇಳುತ್ತದೆ: ಎಚ್ಚರ, ಬೆವರು, ಬಾಯಾರಿಕೆ, ಮೂತ್ರ. ಮೂರು ಗಂಟೆಗೆ ಫ್ಯಾನು ನೋಡುತ್ತಾ ಮಲಗಿರುವವರು ‘ಟೆನ್ಷನ್’ ಎಂದುಕೊಂಡು ಮರುದಿನ ಇನ್ನೂ ಅರ್ಧ ಗ್ಲಾಸು ಹೆಚ್ಚು ಸುರಿಯುತ್ತಾರೆ. ಗಂಟಲ ಸ್ನಾಯು ಸಡಿಲಾಗುವುದರಿಂದ ಗೊರಕೆಯೂ, ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾವೂ ಜೋರಾಗುತ್ತವೆ. ಕುಡಿಯಲೇಬೇಕೆಂದರೆ ಊಟದ ಜೊತೆ ಏಳೂವರೆಗೆ ಮುಗಿಸಿ ಹನ್ನೊಂದಕ್ಕೆ ಮಲಗಿದರೆ ಈ ಕಾಟ ಅರ್ಧ ತಪ್ಪುತ್ತದೆ.

ಮಾತ್ರೆಗಳ ವಿಷಯಕ್ಕೆ ಮೆಡಿಕಲ್ ಸ್ಟೋರಿನಲ್ಲಿ ಯಾರೂ ಬಾಯಿಬಿಡುವುದಿಲ್ಲ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಎಂಬ ಶುಗರ್ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಕುಡಿದರೆ ಮಧ್ಯರಾತ್ರಿ ಶುಗರ್ ಕುಸಿಯಬಹುದು. ಲಿವರು ಮದ್ಯ ಕರಗಿಸುವುದರಲ್ಲಿ ಮುಳುಗಿ ಗ್ಲೂಕೋಸ್ ಬಿಡುವುದನ್ನು ನಿಲ್ಲಿಸಿರುತ್ತದೆ, ತೊದಲುವುದನ್ನು ಮನೆಯವರು ಅಮಲು ಎಂದುಕೊಳ್ಳುತ್ತಾರೆ. ನಿದ್ದೆಮಾತ್ರೆ, ಟ್ರಾಮಡಾಲ್ ಎಂಬ ನೋವಿನ ಮಾತ್ರೆ, ತೂಕಡಿಕೆ ತರಿಸುವ ನೆಗಡಿಮಾತ್ರೆ ಜೊತೆ ವೈನ್ ಸೇರಿದರೆ ಉಸಿರಾಟ ಮಂದವಾಗಬಹುದು. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಇದ್ದರೆ ರಕ್ತಸ್ರಾವದ ಭಯ. ದಿನಾ ಕುಡಿಯುವವರು ಪ್ಯಾರಾಸಿಟಮಾಲನ್ನು ಎಲ್ಲರಂತೆ ನುಂಗುವ ಹಾಗಿಲ್ಲ, ಪ್ರಮಾಣವನ್ನು ವೈದ್ಯರಲ್ಲಿ ಕೇಳಬೇಕು.

ತೂಕ ಇಳಿಸುವವರಿಗೆ: ಸಿಹಿಯಿಲ್ಲದ 150 ಎಂಎಲ್‌ನಲ್ಲಿ ಸುಮಾರು 125 ಕ್ಯಾಲೊರಿ, ಹೆಚ್ಚುಕಡಿಮೆ ಎರಡು ಇಡ್ಲಿ. ಲೀಟರಿಗೆ 100 ಗ್ರಾಂ ಸಕ್ಕರೆ ಇರುವ ಪೋರ್ಟ್ ಮಾದರಿಯದ್ದಾದರೆ ಪ್ರತಿ ಗ್ಲಾಸಿಗೆ ಮೂರು ಚಮಚ ಸಕ್ಕರೆ ಬೇರೆ. ನಂಚಿಕೊಳ್ಳುವ ಕಾಂಗ್ರೆಸ್ ಕಡಲೆಬೀಜದ ಲೆಕ್ಕ ನೀವೇ ಹಾಕಿ.

ಕಾರಿನ ಕೀಲಿಯ ಲೆಕ್ಕ ಇನ್ನೂ ಬಿಗಿ. ನಮ್ಮ ಕಾನೂನಿನ ಮಿತಿ 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ. 60 ಕೆ.ಜಿ. ಗಂಡಸು 150 ಎಂಎಲ್ ಬೇಗ ಕುಡಿದರೆ 38ರ ಆಸುಪಾಸು, 55 ಕೆ.ಜಿ. ಹೆಂಗಸು 50ರ ಆಸುಪಾಸು ಮುಟ್ಟಬಹುದು. ‘ಒಂದೇ ಗ್ಲಾಸು ಸಾರ್’ ಎಂಬ ಮಾತು ನಿಜವಾದರೂ ಮೀಟರು ಕೂಗುತ್ತದೆ.

ಈ ಸರಕಿನ ವಿನ್ಯಾಸದ್ದೇ ಒಂದು ದೋಷ ಬಾಟಲಿಯ ಗಾತ್ರ. ಬಿರಡೆ ತೆಗೆದ ಮೇಲೆ ಗಾಳಿ ತಾಗಿ ವೈನ್ ಹಳಸಲು ಶುರು. ಬೇಸಿಗೆಯಲ್ಲಿ ಹೊರಗಿಟ್ಟರೆ ಎರಡನೇ ದಿನಕ್ಕೇ ವಿನೆಗರಿನ ವಾಸನೆ ಬರಬಹುದು. ‘ಸುಮ್ಮನೆ ಹಾಳಾಗುತ್ತಲ್ಲ’ ಎಂದು ಮುಗಿಸುವುದರಲ್ಲೇ ಒಂದು ಗ್ಲಾಸು ಮೂರಾಗುವುದು. ಬಿರಡೆ ಬಿಗಿದು ಫ್ರಿಜ್ಜಿನಲ್ಲಿ ನೆಟ್ಟಗೆ ನಿಲ್ಲಿಸಿದರೆ ಕೆಂಪು ವೈನ್ ಮೂರರಿಂದ ಐದು ದಿನ ಬಾಳುತ್ತದೆ. ಕುಡಿಯುವ ಅರ್ಧ ಗಂಟೆ ಮೊದಲು ಹೊರಗಿಟ್ಟರೆ ಸಾಕು. ಇನ್ನೂ ಒಳ್ಳೆಯ ಉಪಾಯ 375 ಎಂಎಲ್‌ನ ಅರ್ಧ ಬಾಟಲಿ: ಶುಕ್ರವಾರ ಒಂದು ಗ್ಲಾಸು, ಶನಿವಾರ ಒಂದು, ಉಳಿದದ್ದು ಮಟನ್ ಬೇಯುವ ಪಾತ್ರೆಗೆ. ವಾರಕ್ಕೆ ಎರಡು ಗ್ಲಾಸಿನ ಈ ಬಳಕೆಗೆ ಈ ವೈನನ್ನು ಧೈರ್ಯವಾಗಿ ಶಿಫಾರಸು ಮಾಡಬಹುದು. ದಿನಬಳಕೆಗೆ ಇಲ್ಲ. ಕುಡಿಯದವರು ಹೃದಯದ ಹೆಸರಿನಲ್ಲಿ ಶುರುಮಾಡಲಂತೂ ಬೇಡವೇ ಬೇಡ.

ವೈದ್ಯರು ಬಳಸುವ ಆಡಿಟ್-ಸಿ ಎಂಬ ಮೂರು ಪ್ರಶ್ನೆಗಳ ಪಟ್ಟಿಯಿದೆ. ಮೊದಲ ಪ್ರಶ್ನೆ: ಎಷ್ಟು ಸಲ ಕುಡಿಯುತ್ತೀರಿ? ವಾರಕ್ಕೆ ನಾಲ್ಕು ಸಲ ಅಥವಾ ಹೆಚ್ಚು ಎಂದರೆ ಅದೊಂದಕ್ಕೇ 4 ಅಂಕ. ಹೆಂಗಸರಿಗೆ 3, ಗಂಡಸರಿಗೆ 4 ಬಂದರೇ ಮುಂದೆ ವಿಚಾರಿಸಬೇಕು ಎಂಬುದು ನಿಯಮ. ‘ದಿನಾ ಸಂಜೆ’ ಎಂದ ಮಾತ್ರಕ್ಕೆ ಉಳಿದೆರಡು ಪ್ರಶ್ನೆ ಕೇಳುವ ಮೊದಲೇ ಗೆರೆ ಮುಟ್ಟಿರುತ್ತೀರಿ. ಹಾಗೆಂದು ಚಟ ಎಂದರ್ಥವಲ್ಲ; ಚಟವಾಗಿದೆಯೇ ಎಂದು ನೋಡಲು ಒಂದು ಸರಳ ದಾರಿ ಎಂದರೆ ವಾರದಲ್ಲಿ ಎರಡು ದಿನ ಬಿಡುವುದು, ಆಮೇಲೆ ನಾಲ್ಕು ದಿನ. ಆದರೆ ದಿನಕ್ಕೆ ಒಂದು ಬಾಟಲಿಯವರೆಗೆ ಹೋದವರು, ಬೆಳಿಗ್ಗೆ ಕೈ ನಡುಗುವವರು ಒಮ್ಮೆಗೇ ನಿಲ್ಲಿಸಬಾರದು. ಕೊನೆಯ ಗ್ಲಾಸಿನ 6ರಿಂದ 48 ಗಂಟೆಗಳಲ್ಲಿ ಫಿಟ್ಸ್ ಬರಬಹುದು, ಎರಡು ಮೂರನೇ ದಿನಕ್ಕೆ ಭ್ರಮೆ. ಅಂಥವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ. ಊರಲ್ಲೇ ಇದ್ದು ಕೇಳಲು ಚಟ ಬಿಡಿಸುವ ಸಹಾಯವಾಣಿ 14446, ಕನ್ನಡದಲ್ಲೇ ಮಾತಾಡಲು ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416.